ಹಿಮದ ನಾಡಿನ ಎಲುಬು, ಕಲ್ಲಮೇಡಿನ ಎಲುಬು

ತಾಳವಾಡಿ ಸೀಮೆಯಲ್ಲಿ ಬಾವಿ ತೋಡಿಸಿದವರಿಗೆ ಗೊತ್ತು, ಮಣ್ಣು ಮುಗಿದೊಡನೆ ಗಟ್ಟಿ ಬಂಡೆ. ಆ ಬಂಡೆಯೊಳಗೆ ಡೈನೋಸಾರ್ ಎಂಬ ದೈತ್ಯ ಪ್ರಾಣಿಯ ಎಲುಬು ಸಿಕ್ಕೀತೇ? ಸಿಗದು. ನಮ್ಮ ಬೆಟ್ಟಗಳ ಕಲ್ಲು ಭೂಮಿಯ ಆಳದಲ್ಲಿ ಬೆಂದು ಗಟ್ಟಿಯಾದದ್ದು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಆಗ ಎಲುಬಿರುವ ಪ್ರಾಣಿಯೇ ಹುಟ್ಟಿರಲಿಲ್ಲ. ಎಲುಬು ಕಲ್ಲಾಗಿ ಉಳಿಯಬೇಕಾದರೆ ಹೊಳೆಯ ಮಣ್ಣೋ ಮರಳೋ ಅದನ್ನು ಬೇಗ ಮುಚ್ಚಬೇಕು. ಆಮೇಲೆ ಆ ಮಣ್ಣೇ ಕಲ್ಲಾಗಬೇಕು.

ಅಂಥ ಕಲ್ಲು ದಕ್ಷಿಣ ಧ್ರುವದ ಅಂಟಾರ್ಕ್ಟಿಕ ಖಂಡದಲ್ಲೂ ಇದೆ. ಆದರೆ ನೆಲವೆಲ್ಲ ಹಿಮದಡಿ ಹುದುಗಿದೆ. ಹಿಮದಿಂದ ತಲೆ ಎತ್ತಿ ನಿಂತ ಬೆಟ್ಟದ ನೆತ್ತಿಯಂಥ ಕಡೆಯಷ್ಟೇ ಹುಡುಕಬೇಕು. 1990-91ರಲ್ಲಿ, ಅಲ್ಲಿನ ಬೇಸಿಗೆಯಾದ ಡಿಸೆಂಬರ್-ಜನವರಿಯ ಹೊತ್ತಿನಲ್ಲಿ, ಅಮೆರಿಕದ ವಿಲಿಯಂ ಹ್ಯಾಮರ್ ತಂಡ ಕರ್ಕ್‌ಪ್ಯಾಟ್ರಿಕ್ ಪರ್ವತದ ಮೇಲೆ, ಸುಮಾರು 4,000 ಮೀಟರ್ ಎತ್ತರದಲ್ಲಿ, ಕಲ್ಲು ಕೊರೆಯಿತು. ಸಿಕ್ಕಿದ್ದು ತಲೆಯ ಮೇಲೆ ಜುಟ್ಟಿನಂಥ ಎಲುಬಿದ್ದ ಮಾಂಸಾಹಾರಿ. 1994ರಲ್ಲಿ ಅದಕ್ಕೆ ಕ್ರಯೋಲೋಫೋಸಾರಸ್ ಎಂದು ಹೆಸರಿಟ್ಟರು.

ಹಿಮದಲ್ಲಿ ಅದು ಏನು ತಿಂದು ಬದುಕಿತು ಎಂದು ಕೇಳಬಹುದು. ಸುಮಾರು 19 ಕೋಟಿ ವರ್ಷದ ಹಿಂದೆ ಅಲ್ಲಿ ಹಿಮದ ಹೊದಿಕೆ ಇರಲಿಲ್ಲ, ಕಾಡಿತ್ತು. ಆ ನೆಲ ಈಗಿನಷ್ಟು ದಕ್ಷಿಣದಲ್ಲೂ ಇರಲಿಲ್ಲ. ಇನ್ನೊಂದು ಸೋಜಿಗವೆಂದರೆ ಭಾರತವೂ ಆಗ ಅದಕ್ಕೇ ಅಂಟಿಕೊಂಡಿತ್ತು. ಆ ಕೂಡುನೆಲದ ಹೆಸರು ಗೊಂಡ್ವಾನ; ನಮ್ಮ ಮಧ್ಯ ಭಾರತದ ಗೊಂಡರ ನಾಡಿನಿಂದ ಬಂದ ಹೆಸರು ಅದು.

ನೆಲದಡಿ ಕೋಟಿಗಟ್ಟಲೆ ವರ್ಷ ಉಳಿದ ಎಲುಬು ಹೊರಗೆ ತೆಗೆದಾಗ ಬಿರುಕು ಬಿಡಬಹುದು. ಅದಕ್ಕೇ ಸುತ್ತಲಿನ ಕಲ್ಲಿನ ಸಮೇತ ಕೊಯ್ದು, ಬಟ್ಟೆ ಸುತ್ತಿ ಪ್ಲಾಸ್ಟರ್ ಬಳಿಯುವುದು ಈ ಕಸುಬಿನ ರೂಢಿ. ಕೈ ಮುರಿದರೆ ಆಸ್ಪತ್ರೆಯಲ್ಲಿ ಹಾಕುತ್ತಾರಲ್ಲ, ತಮಿಳಿನಲ್ಲಿ ಮಾವುಕಟ್ಟು ಎನ್ನುತ್ತೇವಲ್ಲ, ಅದೇ.

ಅಷ್ಟು ದೂರ ಯಾಕೆ, ನಮ್ಮ ರಾಜ್ಯದ ಅರಿಯಲೂರಿಗೇ ಬನ್ನಿ. ಸಿಮೆಂಟಿಗೆ ಸುಣ್ಣದಕಲ್ಲು ತೆಗೆಯುವ ಆ ಜಿಲ್ಲೆ ಒಂದು ಕಾಲಕ್ಕೆ ಕಡಲ ತಡಿ. ಕಲ್ಲಿನಲ್ಲಿ ಈಗಲೂ ಚಿಪ್ಪು ಸಿಗುತ್ತದೆ. ಅಲ್ಲಿನ ಕಲ್ಲಮೇಡು ಊರಿನ ಬಳಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಯಾದಗಿರಿ, ಅಯ್ಯಸಾಮಿ ಇಬ್ಬರೂ ಸುಮಾರು 7 ಕೋಟಿ ವರ್ಷ ಹಳೆಯ ಎಲುಬುಗಳನ್ನು ಕಂಡರು. 1980ರ ದಶಕದ ಕೊನೆಯಲ್ಲಿ ಬೃಹತ್ಕಾಯೋಸಾರಸ್ ಎಂದು ಹೆಸರಿಟ್ಟರು. ಮೊಣಕಾಲಿನ ಕೆಳಗಿನ ಎಲುಬೊಂದೇ 2 ಮೀಟರ್! ನೆಲದ ಮೇಲೆ ನಡೆದ ಅತಿ ದೊಡ್ಡ ಪ್ರಾಣಿಗಳಲ್ಲಿ ಒಂದಾಗಿರಬಹುದು ಎಂದರು ಕೆಲವರು. ಅದು ಎಲುಬೇ ಅಲ್ಲ, ಕಲ್ಲಾದ ಮರದ ದಿಮ್ಮಿ ಎಂದರು ಇನ್ನು ಕೆಲವರು.

ಎಲುಬು ಕೈಯಲ್ಲಿದ್ದರೆ ಈ ಜಗಳ ಒಂದು ದಿನಕ್ಕೆ ಮುಗಿಯುತ್ತಿತ್ತು. ಆದರೆ ಅದು ಪುಡಿಪುಡಿಯಾಗುವಂಥದ್ದು. ತೆಗೆದ ಮೇಲೆ ಉಳಿಯದೆ ಒಡೆದು ಹೋಯಿತು. ತೋಡುವಾಗ ತೆಗೆದ ಹಳೆಯ ಫೋಟೋಗಳು 2022ರಲ್ಲಿ ಪ್ರಕಟವಾದವು. ಈಗ ವಿಜ್ಞಾನಿಗಳು ವಾದ ಮಾಡುವುದು ಅವನ್ನು ಮುಂದಿಟ್ಟುಕೊಂಡೇ.