ಪತ್ರಿಕಾ ಕಚೇರಿಗೆ ಪೊಲೀಸರು ನುಗ್ಗಬಹುದೇ?

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಮೇರಿಯನ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಅಲ್ಲಿನ ವಾರಪತ್ರಿಕೆ ‘ಮೇರಿಯನ್ ಕೌಂಟಿ ರೆಕಾರ್ಡ್’. 2023ರ ಆಗಸ್ಟ್ 11ರಂದು ಪೊಲೀಸರು ಅದರ ಕಚೇರಿಗೆ ನುಗ್ಗಿ ಕಂಪ್ಯೂಟರ್, ಸರ್ವರ್, ವರದಿಗಾರರ ಮೊಬೈಲ್‌ಗಳನ್ನು ಹೊತ್ತೊಯ್ದರು. ಸಂಪಾದಕ ಎರಿಕ್ ಮೇಯರ್ ಅವರ ಮನೆಯನ್ನೂ ಬಿಡಲಿಲ್ಲ. ಅಲ್ಲಿದ್ದವರು ಅವರ ತಾಯಿ, ಪತ್ರಿಕೆಯ ಸಹಮಾಲೀಕರಾದ 98 ವರ್ಷದ ಜೋನ್ ಮೇಯರ್. ವಾಕರ್ ಹಿಡಿದು ನಿಂತ ಆ ಅಜ್ಜಿ, ‘ನನ್ನ ಮನೆಯಿಂದ ಹೊರಗೆ ನಡೀರಿ’ ಎಂದು ಪೊಲೀಸರನ್ನು ಗದರಿದ್ದು ವಿಡಿಯೊದಲ್ಲಿದೆ. ಮರುದಿನ ಅವರು ತೀರಿಕೊಂಡರು.

ಪತ್ರಿಕೆ ಮಾಡಿದ್ದಾದರೂ ಏನು? ಊರಿನ ಹೋಟೆಲ್ ಮಾಲೀಕರೊಬ್ಬರ ವಾಹನ ಚಾಲನೆಯ ದಾಖಲೆ ಅದರ ಕೈಗೆ ಬಂದಿತ್ತು. ಅದು ಅಸಲಿಯೇ ಎಂದು ವರದಿಗಾರ್ತಿ ಸರ್ಕಾರಿ ವೆಬ್‌ಸೈಟಿನಲ್ಲಿ ಪರಿಶೀಲಿಸಿದರು. ಪತ್ರಿಕೆ ಅದನ್ನು ಪ್ರಕಟಿಸಲೂ ಇಲ್ಲ, ಪೊಲೀಸರಿಗೆ ವಿಷಯ ತಿಳಿಸಿತು. ಪೊಲೀಸರು ಆ ಪರಿಶೀಲನೆಗೇ ‘ಐಡೆಂಟಿಟಿ ಥೆಫ್ಟ್’, ಅಂದರೆ ಬೇರೊಬ್ಬರ ಗುರುತಿನ ದುರ್ಬಳಕೆ, ಎಂಬ ಹೆಸರು ಕೊಟ್ಟರು. ಅದೇ ಹೊತ್ತಿಗೆ ಪತ್ರಿಕೆ ಪೊಲೀಸ್ ಮುಖ್ಯಸ್ಥರ ಹಿಂದಿನ ನೌಕರಿಯ ಬಗ್ಗೆಯೂ ವಿಚಾರಿಸುತ್ತಿತ್ತು. ಮಾಹಿತಿ ಕೊಟ್ಟವರ ಹೆಸರುಗಳು ಜಪ್ತಿಯಾದ ಕಂಪ್ಯೂಟರಿನಲ್ಲಿದ್ದವು. ನನ್ನನ್ನು ಹೆಚ್ಚು ಕಳವಳಗೊಳಿಸುವುದು ಇದೇ.

ಈಗ ಕಾನೂನಿಗೆ ಬರೋಣ. ಸರ್ಚ್ ವಾರಂಟ್ ಎಂದರೆ ಶೋಧನೆಗೆ ಕೋರ್ಟ್ ಕೊಡುವ ಅನುಮತಿ. ಅದನ್ನು ಕೊಡುವಾಗ ನ್ಯಾಯಾಧೀಶರು ಪೊಲೀಸರ ಮಾತನ್ನಷ್ಟೇ ಕೇಳುತ್ತಾರೆ. ನಿಮಗೆ ಗೊತ್ತಾಗುವುದು ಬಾಗಿಲು ತಟ್ಟಿದಾಗಲೇ. ಸಬ್‌ಪೀನಾ ಹಾಗಲ್ಲ. ‘ಇಂಥ ದಾಖಲೆ ತಂದುಕೊಡಿ’ ಎಂದು ಗಡುವು ಕೊಟ್ಟು ಕೇಳುವ ಆದೇಶ ಅದು. ಕೊಡುವ ಮೊದಲು ವಕೀಲರ ಮೂಲಕ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಸುದ್ದಿಮೂಲವನ್ನು ಕಾಪಾಡುವುದು ಈ ನಡುವಿನ ಕಾಲಾವಕಾಶವೇ.

ಆದ್ದರಿಂದ ಅಮೆರಿಕದ 1980ರ ‘ಪ್ರೈವಸಿ ಪ್ರೊಟೆಕ್ಷನ್ ಆಕ್ಟ್’ ಪತ್ರಕರ್ತರ ಟಿಪ್ಪಣಿ, ದಾಖಲೆಗಳ ಶೋಧನೆಯನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಕಿದ್ದರೆ ಸಬ್‌ಪೀನಾ ತನ್ನಿ ಎನ್ನುತ್ತದೆ. ಹಾಗಾದರೆ ಮೇರಿಯನ್‌ನಲ್ಲಿ ವಾರಂಟ್ ಸಿಕ್ಕಿದ್ದು ಹೇಗೆ? ಕಾಯ್ದೆಯಲ್ಲಿ ಒಂದು ವಿನಾಯಿತಿ ಇದೆ. ಪತ್ರಕರ್ತರೇ ಅಪರಾಧದ ಶಂಕಿತರಾದರೆ ಶೋಧಿಸಬಹುದು. ಪೊಲೀಸ್ ಮುಖ್ಯಸ್ಥರು ಹಿಡಿದದ್ದು ಇದನ್ನೇ. ಆದರೆ ದಾಖಲೆ ಪಡೆದದ್ದು, ಇಟ್ಟುಕೊಂಡದ್ದೇ ಅಪರಾಧ ಎಂದರೆ ಈ ವಿನಾಯಿತಿ ಸಾಮಾನ್ಯವಾಗಿ ನಡೆಯದು. ಐದೇ ದಿನಕ್ಕೆ ಕೌಂಟಿಯ, ಅಂದರೆ ಜಿಲ್ಲೆಯ, ಸರ್ಕಾರಿ ವಕೀಲರು ಸಾಕ್ಷ್ಯ ಸಾಲದೆಂದು ವಾರಂಟ್ ಹಿಂಪಡೆದರು. ಸಿಬ್ಬಂದಿ ರಾತ್ರಿಯಿಡೀ ದುಡಿದು ಆ ವಾರದ ಸಂಚಿಕೆಯನ್ನೂ ತಂದರು. 2024ರಲ್ಲಿ ವಿಶೇಷ ಪ್ರಾಸಿಕ್ಯೂಟರ್‌ಗಳು ಪತ್ರಿಕೆಯದು ಯಾವ ಅಪರಾಧವೂ ಇಲ್ಲ ಎಂದರು. ಅಷ್ಟರಲ್ಲಿ ರಾಜೀನಾಮೆ ಕೊಟ್ಟಿದ್ದ ಪೊಲೀಸ್ ಮುಖ್ಯಸ್ಥರ ಮೇಲೆ ಮೊಕದ್ದಮೆ ಹೂಡಲಾಯಿತು.

ಇಂಥ ದಾಳಿಯ ಖರ್ಚು ಯಾರದು? ಕಾಯ್ದೆ ಮುರಿದರೆ ಕನಿಷ್ಠ 1,000 ಡಾಲರ್ ಪರಿಹಾರ ಮತ್ತು ವಕೀಲರ ಶುಲ್ಕವನ್ನು ಕೇಳಬಹುದು. ಮೇರಿಯನ್‌ನಲ್ಲಿ ಮೊತ್ತ ಅದಕ್ಕಿಂತ ಬಹಳ ಮೇಲೇರಿತು. 2025ರ ನವೆಂಬರಿನಲ್ಲಿ ಕೌಂಟಿ 30 ಲಕ್ಷ ಡಾಲರಿಗೂ ಮಿಕ್ಕಿ ಕೊಡಲು ಒಪ್ಪಿತು, ವಿಷಾದವನ್ನೂ ಹೇಳಿತು. ಕೌಂಟಿ ಅದನ್ನು ತೆರುವುದು ಕೊನೆಗೂ ಸಾರ್ವಜನಿಕರ ಪರವಾಗಿಯೇ. ಅಲ್ಲಿನ ಪತ್ರಕರ್ತರು ತೊಂದರೆಗೆ ಸಿಕ್ಕರೆ ‘ರಿಪೋರ್ಟರ್ಸ್ ಕಮಿಟಿ ಫಾರ್ ಫ್ರೀಡಮ್ ಆಫ್ ದ ಪ್ರೆಸ್’ನ ಸಹಾಯವಾಣಿಯಲ್ಲಿ ಉಚಿತವಾಗಿ ಕಾನೂನು ನೆರವು ಪಡೆಯಬಹುದು.

ನಮ್ಮ ತಾಲ್ಲೂಕಿನಲ್ಲಿ ಪತ್ರಿಕೆ ನಡೆಸುವವರು ಕೇಳಬಹುದು: ನಮಗೂ ಇಂಥ ಕಾಯ್ದೆ ಇದೆಯೇ? ಭಾರತದಲ್ಲಿ ಪತ್ರಿಕಾ ಕಚೇರಿಗೆಂದೇ ಅಂಥ ಪ್ರತ್ಯೇಕ ಕಾಯ್ದೆಯಿಲ್ಲ. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ ಪ್ರಕಾರ ದಾಖಲೆಯನ್ನು ಲಿಖಿತವಾಗಿ ಕೇಳಿ ತರಿಸಿಕೊಳ್ಳುವ ದಾರಿ ಇಲ್ಲೂ ಇದೆ. 105ನೇ ಸೆಕ್ಷನ್ ಪ್ರಕಾರ ಶೋಧನೆ, ಜಪ್ತಿಗಳನ್ನು ವಿಡಿಯೊ ಮಾಡಲೇಬೇಕು. ಪೊಲೀಸರು ಏನೇ ತೆಗೆದುಕೊಂಡು ಹೋದರೂ ಸಾಕ್ಷಿಗಳ ಸಹಿಯಿರುವ ಜಪ್ತಿ ಪಟ್ಟಿಯ ಪ್ರತಿಯನ್ನು ಕೇಳಿ ಪಡೆಯಿರಿ. ಪಟ್ಟಿಯಲ್ಲಿ ಪ್ರತಿ ಫೋನು, ಪ್ರತಿ ಹಾರ್ಡ್‌ಡಿಸ್ಕ್ ಬಂದಿದೆಯೇ ನೋಡಿಕೊಂಡೇ ಅವರನ್ನು ಕಳಿಸಿ.