ಬಂಡಿಪಾಳ್ಯದಲ್ಲಿ ಎರಡು ಆಲೂಗಡ್ಡೆ

ಮೈಸೂರಿನಿಂದ ನಂಜನಗೂಡು ರಸ್ತೆ ಹಿಡಿದರೆ ಊರು ಮುಗಿಯುವ ಹೊತ್ತಿಗೆ ಬಂಡಿಪಾಳ್ಯದ ಎಪಿಎಂಸಿ ಪ್ರಾಂಗಣ ಸಿಗುತ್ತದೆ. ಶ್ರಾವಣ ಕಳೆದ ದಿನಗಳಲ್ಲಿ ಬೆಳಿಗ್ಗೆ ಇಲ್ಲಿ ಕಾಲಿಟ್ಟರೆ ಮಂಡಿಗಳ ಮುಂದೆ ಎರಡು ಬಗೆಯ ಆಲೂಗಡ್ಡೆ. ಒಂದು ಆಗ್ರಾ ಕಡೆಯಿಂದ ಲಾರಿಯಲ್ಲಿ ಬಂದದ್ದು: ಒಣಗಿದ ಮೈ, ಹೆಚ್ಚುಕಮ್ಮಿ ಒಂದೇ ಗಾತ್ರ. ಇನ್ನೊಂದು ಹಾಸನ ಸೀಮೆಯದು: ಮೈತುಂಬ ಕೆಮ್ಮಣ್ಣು, ಉಗುರು ತಾಕಿದರೆ ಸಿಪ್ಪೆ ಏಳುತ್ತದೆ. ರುಚಿಯ ಮಾತಾದರೆ ನನ್ನ ಓಟು ಎರಡನೆಯದಕ್ಕೆ. ಮಂಡಿಯಲ್ಲಿ ರುಚಿಗೆ ಓಟಿಲ್ಲ.

ಅರಕಲಗೂಡು ಕಡೆಯ ರೈತರೊಬ್ಬರು ಕುಕ್ಕರಗಾಲಲ್ಲಿ ಕೂತು ಚೀಲದಿಂದ ಕೊಳೆತ ಗಡ್ಡೆ ಆರಿಸಿ ಎಸೆಯುತ್ತಿದ್ದರು. ಎರಡೆಕರೆ ಹೊಲ. "ಮಳೆ ಬುಡ್ಲಿಲ್ಲ ಸ್ವಾಮಿ, ಹಸಿ ನೆಲದಲ್ಲೇ ಕಿತ್ತೋ. ಇನ್ನೆಲ್ಡು ದಿನ ಇಟ್ರೆ ಮೂಟೆನೇ ನಾರ್ತದೆ."

ಉತ್ತರ ಭಾರತದವರು ಚಳಿಗಾಲದಲ್ಲಿ ಬೆಳೆದು, ಫೆಬ್ರವರಿ–ಮಾರ್ಚ್‌ನ ಒಣ ಹವೆಯಲ್ಲಿ ಕಿತ್ತು ಶೀತಲಗೃಹಕ್ಕೆ ಹಾಕುತ್ತಾರೆ. ಆ ದಾಸ್ತಾನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಪೇಟೆಗೆ ಬರುತ್ತದೆ. ಹಾಸನದ್ದು ಮುಂಗಾರಿನ ಬೆಳೆ. ಅತ್ತ ಬೆಲೆ ನೋಡಿ ಬಾಗಿಲು ತೆರೆಯುತ್ತಾರೆ, ಇತ್ತ ಮೋಡ ನೋಡಿ ಗಡ್ಡೆ ಕೀಳುತ್ತಾರೆ. ಆಹಾರ ಕೆಡದಂತೆ ಕಾಪಾಡುವ ವಿದ್ಯೆಗೆ ಹೆಸರಾದ ಸಿಎಫ್‌ಟಿಆರ್‌ಐ 1950ರಿಂದ ಮೈಸೂರಿನಲ್ಲೇ ಇದೆ, ವಿದ್ಯೆಗೇನೂ ಬರವಿಲ್ಲ. ಆದರೆ ಸಿಪ್ಪೆ ಬಲಿಯದ ಹಸಿ ಗಡ್ಡೆಯನ್ನು ಹಾಗೇ ಶೀತಲಗೃಹಕ್ಕೆ ತುಂಬುವಂತಿಲ್ಲ. ಮೊದಲು ನೆರಳಲ್ಲಿ ಹರಡಿ ಹತ್ತು ಹದಿನೈದು ದಿನ ಆರಿಸಬೇಕು. ಸೋರುವ ಕೊಟ್ಟಿಗೆಯಲ್ಲಿ, ಸಾಲದವರು ಬಾಗಿಲಿಗೆ ಬರುವ ಹೊತ್ತಿನಲ್ಲಿ, ಯಾರು ಆರಿಸಿಯಾರು?

ಸಾಲ ಶುರುವಾಗುವುದು ಬಿತ್ತನೆಗಡ್ಡೆಯಿಂದ. ಎಕರೆಗೆ ಆರೆಂಟು ಕ್ವಿಂಟಲ್ ಬೇಕು, ಅದೂ ಜಲಂಧರದಿಂದ ಬರಬೇಕು. ಮನೆಯ ಗಡ್ಡೆಯನ್ನೇ ಬಿತ್ತಬಾರದೇ ಎಂದು ಪೇಟೆಯವರು ಕೇಳುವುದುಂಟು. ಪಂಜಾಬಿನ ಚಳಿಯಲ್ಲಿ ನಂಜುರೋಗ ಹರಡುವ ಸಸ್ಯಹೇನು ಕೆಲವು ವಾರ ತೀರಾ ಕಡಿಮೆ ಇರುತ್ತದೆ. ಆ ಸಂದಿನಲ್ಲಿ ಬೀಜದ ಬೆಳೆ ತೆಗೆಯುತ್ತಾರೆ. ನಮ್ಮ ಹವೆಯಲ್ಲಿ ಅಂಥ ಬಿಡುವಿಲ್ಲ, ಒಂದೆರಡು ಬೆಳೆಗೇ ಬೀಜ ಸೊರಗುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಅಲ್ಲಿಯವರು ಹೇಳಿದ ದರಕ್ಕೆ ಕೊಳ್ಳುವುದು, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಇಲ್ಲಿಯವರು ಹೇಳಿದ ದರಕ್ಕೆ ಮಾರುವುದು. ನಡುವಿನ ಮೂರು ತಿಂಗಳು ಮಾತ್ರ ರೈತನದು.

ಆ ಮೂರು ತಿಂಗಳೂ ಪೂರ್ತಿ ಅವನದಲ್ಲ. ಮೋಡ ಮುಚ್ಚಿ ತಂಪು ಹಿಡಿದು ಜಡಿಮಳೆ ಕೂತರೆ ಅಂಗಮಾರಿ ಬರುತ್ತದೆ. 1845ರಲ್ಲಿ ಐರ್ಲೆಂಡಿನ ಹೊಲಗಳಿಗೆ ಬಿದ್ದು ಲಕ್ಷಾಂತರ ಜನರನ್ನು ಹಸಿವಿಗೆ ನೂಕಿದ್ದು ಇದೇ ರೋಗ. ಎಲೆಯ ಅಂಚು ಕಪ್ಪಾದದ್ದು ಕಂಡು ಔಷಧಿ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಪಕ್ಕದ ಸಾಲಿಗೂ ದಾಟಿರುತ್ತದೆ. ಹಾಸನ ಕಡೆ ಹೆಚ್ಚಾಗಿ ಬೆಳೆಯುವ ಕುಫ್ರಿ ಜ್ಯೋತಿ 1968ರಲ್ಲಿ ಬಿಡುಗಡೆಯಾದ ತಳಿ. ಆಗ ಅದಕ್ಕಿದ್ದ ರೋಗ ತಡೆಯುವ ಶಕ್ತಿ ಈಗ ಉಳಿದಿಲ್ಲ.

ದಾರಿಯೇ ಇಲ್ಲ ಎನ್ನಲಾರೆ. ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರ, ಲಿಮಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಜೊತೆ ಸೇರಿ, ರೋಗವಿಲ್ಲದ ತಾಯಿಗಿಡದ ಕುಡಿ ಚಿವುಟಿ ಬೇರು ಬರಿಸಿದ ಸಸಿಗಳನ್ನು ಬಳಕೆಗೆ ತಂದಿದೆ. ಸಸಿ ನೆಟ್ಟು ಊರಲ್ಲೇ ಬೀಜ ಮಾಡಿಕೊಳ್ಳಬಹುದು. ನನಗೆ ಇದರಲ್ಲಿ ನಂಬಿಕೆಯಿದೆ. ಆದರೆ ಬೀಜಕ್ಕೆಂದೇ ಒಂದು ಬೆಳೆ ಕಾಯಬೇಕು, ಸಸಿಗೆ ನೀರು ತಪ್ಪಬಾರದು. ಬೋರ್‌ವೆಲ್ ಇದ್ದವರಿಗೆ ಸಲೀಸು, ಮಳೆ ನಂಬಿದವರಿಗೆ ಕಷ್ಟ. ಅವರಲ್ಲಿ ಬಹಳ ಮಂದಿ ಆಗಲೇ ಮುಸುಕಿನ ಜೋಳಕ್ಕೆ ಹೊರಳಿದ್ದಾರೆ. ಎಕರೆಗೆ ಬೀಜ ಕೆಲವೇ ಕೆಜಿ.

ಅಷ್ಟರಲ್ಲಿ ಮಂಡಿಯವರು ಗಡ್ಡೆಯೊಂದನ್ನು ಕೈಯಲ್ಲಿ ತಿರುವಿ, "ಮಾಲು ನೀರು ಹಿಡಿದದೆ ಗೌಡ್ರೆ" ಎಂದು ಆಗ್ರಾ ದರಕ್ಕಿಂತ ಕೆಳಗೊಂದು ದರ ಹೇಳಿದರು. ಇನ್ನೊಂದು ಮಂಡಿಯಲ್ಲಿ ಕೇಳಿ ನೋಡಬಾರದೇ ಎಂದೆ. ರೈತರು ಗೇಟಿನತ್ತ ಕೈ ತೋರಿಸಿದರು. "ಬಾಡಿಗೆ ಗಾಡಿ ಸ್ವಾಮಿ, ಮೂರು ಜನದ ಮೂಟೆ ತಂದದೆ. ಅವ್ರಿಬ್ರೂ ಮಾರಾಯ್ತು, ನಂಗೋಸ್ಕರ ನಿಂತವ್ರೆ." ತಗ್ಗಿದ ದರಕ್ಕೇ ಚೀಟಿ ಬರೆಸಿಕೊಂಡು ಎದ್ದರು.