ಹಳೇ ವಿಡಿಯೋ ಗೇಮ್, ಹೊಸ ಟಿವಿ: ಮಾರಿಯೋ ಯಾಕೆ ಗುಂಡಿಗೆ ಬೀಳ್ತಾನೆ?

ಊರಿಂದ ನೋಯ್ಡಾಗೆ ನನ್ನ ಹಳೇ ಕ್ಯಾಸೆಟ್ ಗೇಮ್ ತಂದು ಟಿವಿಗೆ ಹಾಕಿದರೆ ಚಿತ್ರವೆಲ್ಲ ಕಲಸಿಹೋಗಿತ್ತು. ಬಟನ್ ಒತ್ತಿದ ಮೇಲೆ ಮಾರಿಯೋ ತಡವಾಗಿ ಹಾರಿ ನೇರ ಗುಂಡಿಗೆ! ಕೆಟ್ಟುಹೋಗಿದೆ ಅಂತ ಕಬಾಡಿಯವನಿಗೆ ಕೊಡೋದರಲ್ಲಿದ್ದೆ. ತಪ್ಪು ಅದರದ್ದಲ್ಲ.

ಈ ಗೇಮ್ ಕಳಿಸೋದು 240 ಗೆರೆಗಳ ಪೂರ್ತಿ ಚಿತ್ರ. ಹೊಸ ಟಿವಿಗಳಲ್ಲಿ ಬಹಳಷ್ಟು ಅದನ್ನ ಎರಡು ಕಂತಲ್ಲಿ ಬರೋ ಅರ್ಧರ್ಧ ಚಿತ್ರ ಅಂದುಕೊಂಡು ಜೋಡಿಸೋಕೆ ಕೂರುತ್ತವೆ. ಮಸುಕು ಅಲ್ಲಿಂದಲೇ, ತಡವೂ ಅಲ್ಲಿಂದಲೇ.

ಮೊದಲು ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಆಕಾರ 4:3 ಮಾಡಿ. ಖರ್ಚಿಲ್ಲ. ಅಗ್ಗದ ಎಚ್‌ಡಿಎಂಐ ಕನ್ವರ್ಟರ್ ಡಬ್ಬಿ ಬೇಡ, ಸಾಮಾನ್ಯವಾಗಿ ಅದೂ ಇದೇ ತಪ್ಪು ಮಾಡುತ್ತೆ. ರೆಟ್ರೋಟಿಂಕ್ 2ಎಕ್ಸ್ ಥರದ್ದು ಪ್ರತಿ ಗೆರೆಯನ್ನ ಎರಡು ಸಲ ಬರೆದು ತಕ್ಷಣ ಕಳಿಸುತ್ತೆ. ಬೆಲೆ ಮಾತ್ರ ಗೇಮ್‌ಗಿಂತ ಜಾಸ್ತಿ.

ಪಾಲಿಕಾ ಬಜಾರಲ್ಲಿ ಪಿಎಸ್2 ಹುಡುಕೋರು ಜೊತೆಗೆ ಕಾಂಪೊನೆಂಟ್ ಕೇಬಲ್ ಕೇಳಿ. ನಿಮ್ಮ ಟಿವಿಗೆ ಆ ತೂತಿದೆಯಾ ನೋಡಿಕೊಂಡು ಹೋಗಿ. ಮೊದಲು ಹಳದಿ ವೈರಲ್ಲೇ ಹಚ್ಚಿ, ಸೆಟ್ಟಿಂಗ್‌ನಲ್ಲಿ ಆರ್‌ಜಿಬಿ ಇದ್ದರೆ ವೈ-ಪಿಬಿ-ಪಿಆರ್‌ಗೆ ಬದಲಿಸಿ, ಆಮೇಲೆ ಕೇಬಲ್ ಬದಲಿಸಿ. ಇಲ್ಲದಿದ್ರೆ ಬಣ್ಣವೆಲ್ಲ ಎಡವಟ್ಟು.

ಸೌಂಡ್ ಒಂದೇ ಸ್ಪೀಕರಲ್ಲಿ ಬರ್ತಿದ್ರೆ ಗಾಬರಿ ಬೇಡ, ಕ್ಯಾಸೆಟ್ ಗೇಮ್ ಮೋನೋ. ಒಂದು ವೈ ಕನೆಕ್ಟರ್ ಸಾಕು. ಸೆಗಾ ಮೆಗಾ ಡ್ರೈವ್‌ನ ಮೊದಲ ಮಾದರಿ ಇದ್ದರೆ ಸ್ಟೀರಿಯೋ ಮುಂದಿನ ಹೆಡ್‌ಫೋನ್ ತೂತಲ್ಲಿದೆ, ಹಿಂದಿನ ಎವಿಯಲ್ಲಲ್ಲ.

ಬಾತುಕೋಳಿ ಹೊಡೆಯೋ ಆ ಪಿಸ್ತೂಲಿಗೆ ಮಾತ್ರ ಡಬ್ಬಾ ಟಿವಿಯೇ ಬೇಕು. ನಾನಂತೂ ಆ ಕಬಾಡಿಯವನ ಹತ್ತಿರವೇ ಒಂದು ಕೇಳಿಟ್ಟಿದ್ದೀನಿ.